ಹೊಸ್ತಿಲ ಒಳಗೆ ಬಂದ ಚಪ್ಪಲಿ

ಸುಟ್ಟ ವಾಸನೆ ಮೊದಲು ಬಂದದ್ದು ನನ್ನ ಮೂಗಿಗೇ. ಕರೋಶಿಯ ನಮ್ಮ ಮನೆಯ ಪಡಸಾಲೆಯಲ್ಲಿ ಮಿಷನ್ ಮುಂದೆ ಕೂತು ಯಾರದೋ ಮದುವೆಯ ಜಂಪರಿಗೆ ತೋಳು ಹಚ್ಚುತ್ತಿದ್ದೆ. ಪಕ್ಕದ ಮಣೆಯ ಮೇಲೆ ಇದ್ದಿಲು ತುಂಬಿದ ಇಸ್ತ್ರಿ ಇತ್ತು. ವಾಸನೆ ಬಂದ ಕೂಡಲೇ ಮಿಷನ್ ನಿಲ್ಲಿಸಿದೆ, ಯಾಕಂದರೆ ಅದು ರೇಷ್ಮೆ ಅರಿವೆ, ಅದೂ ಮಂದಿಯದು. ಬೆಳಕಿಗೆ ಹಿಡಿದು ನೋಡಿದೆ, ಮಗ್ಗಲು ಬದಲಿಸಿ ನೋಡಿದೆ, ಕಾಲಬಳಿ ಬಿದ್ದಿದ್ದ ತುಂಡುಗಳನ್ನೆಲ್ಲ ಝಾಡಿಸಿದೆ. ಎಲ್ಲೂ ಸುಟ್ಟಿರಲಿಲ್ಲ. ಸದ್ಯ, ಬಚಾವಾದೆ ಅಂದುಕೊಂಡೆ.

ಅಷ್ಟರಲ್ಲಿ ನಮ್ಮ ಅತ್ತೆ ಅಡುಗೆಮನೆಯಿಂದ ಬಂದವರು ಬಾಗಿಲಲ್ಲೇ ನಿಂತರು. ಅವರ ಕಣ್ಣು ಮಂದವಾಗಿ ಆಗಲೇ ಕೆಲವು ವರ್ಷವಾಗಿತ್ತು. ಆದರೂ ಕತ್ತಲ ಪಡಸಾಲೆಯಲ್ಲಿ ಕೆಂಡದ ಕೆಂಪು ಕಂಡಿರಬೇಕು.

"ಸುಮಿ, ಕಾಲ ನೋಡ್ಕೊ" ಅಂದರು.

ಬಗ್ಗಿ ನೋಡಿದೆ. ಬಲಗಾಲಿನ ಹೆಬ್ಬೆರಳಿಗೂ ಅದರ ಪಕ್ಕದ ಬೆರಳಿಗೂ ನಡುವೆ ಒಂದು ಕೆಂಡ ಸಿಕ್ಕಿಕೊಂಡಿತ್ತು. ಚರ್ಮ ಸುಟ್ಟು ಹೊಗೆಯಾಡುತ್ತಿತ್ತು. ಸುಡುತ್ತಿದ್ದದ್ದು ನಾನು, ನಾನು ಹುಡುಕುತ್ತಿದ್ದದ್ದು ಜಂಪರಿನಲ್ಲಿ.

ಅತ್ತೆ ಕೆಂಡವನ್ನು ಬರಿಗೈಯಿಂದಲೇ ಹೊಡೆದು ಹಾರಿಸಿದರು. ಅವರ ಬೆರಳಿಗೆ ಬೊಬ್ಬೆ ಎದ್ದಿತು, ಅವರು ಹಾ ಅಂತ ಕೈ ಝಾಡಿಸಿದರು. ನಾನು ಸುಮ್ಮನೆ ನೋಡುತ್ತಾ ಕೂತಿದ್ದೆ. ಬೇರೆಯವರ ಕಾಲನ್ನು ನೋಡಿದ ಹಾಗೆ ನನ್ನ ಕಾಲನ್ನು ನಾನು ನೋಡಿದ್ದು ಅದೇ ಮೊದಲು.

ಇದೆಲ್ಲ ಎಂಬತ್ತರ ದಶಕ ಮುಗಿಯುತ್ತಾ ಬಂದ ಹೊತ್ತಿನ ಮಾತು. ಈಗ ಬರೆಯುತ್ತಿರುವುದು, ದವಾಖಾನೆಯ ಹಿಂದಿನ ಬೆಂಚಿನ ಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಕೂತಿರುವ ಯಾರಾದರೂ ಓದಲಿ ಎಂದು. ನಾನೂ ಆ ಬೆಂಚಿನ ಮೇಲೆ ಕೂತವಳೇ. ರೋಗ ಯಾಕೆ ಬರುತ್ತದೆ, ಹೇಗೆ ಹರಡುತ್ತದೆ ಎಂಬುದನ್ನು ಡಾಕ್ಟರುಗಳು ಹೇಳುತ್ತಾರೆ. ನನಗೆ ಗೊತ್ತಿರುವುದು ನನ್ನ ಕಾಲು, ನಮ್ಮ ಮಿಷನ್ನು, ನಮ್ಮ ಅತ್ತೆ, ಇಷ್ಟೇ.

ಮಿಷನ್ ಅಂದರೆ ನಮ್ಮ ಮನೆಯಲ್ಲಿ ಬರೀ ಮಿಷನ್ ಅಲ್ಲ. ಮಾವ ತೀರಿಕೊಂಡಾಗ ಅತ್ತೆಗೆ ಸಣ್ಣ ವಯಸ್ಸು, ಮಡಿಲಲ್ಲಿ ನಮ್ಮ ಮನೆಯವರು ಇನ್ನೂ ಕೂಸು. ಊರವರ ಜಂಪರು, ಲಂಗ, ಅಂಗಿ ಹೊಲಿದು ಅವರು ಮಗನನ್ನು ಸಾಕಿದ್ದು ಅದರ ಮೇಲೆಯೇ. ದಿನಾ ಬೆಳಿಗ್ಗೆ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದರು. ಮೆಟ್ಟು ಹಾಕಿಕೊಂಡು ಯಾರೂ ಅದರ ಹತ್ತಿರ ಸುಳಿಯುವ ಹಾಗಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ನನ್ನನ್ನು ಮಿಷನ್ ಮುಂದೆ ಕೂರಿಸುವ ಮೊದಲು ಅವರು ಹೇಳಿದ ಮೊದಲ ಮಾತು, "ಕಾಲ ತೊಳ್ಕೊಂಡ ಬಾ."

ತೊಳೆದುಕೊಂಡು ಬಂದು ಒದ್ದೆ ಕಾಲು ಸೀರೆಗೆ ಒರೆಸಿ ಕೆಳಗಿನ ಕಬ್ಬಿಣದ ಪೆಡಲ್ ಮೇಲೆ ಇಟ್ಟೆ. ತಣ್ಣಗಿತ್ತು. ಹಳೆಯ ಕಾಲದ ಬೀಡುಕಬ್ಬಿಣದ ಪೆಡಲ್ಲು, ನಡುವೆ ಎಂಟು ಎಸಳಿನ ಹೂವಿನ ಜಾಲರಿ.

"ಕೈಗಿಂತ ಕಾಲು ಶಾಣ್ಯಾ ಇರಬೇಕು" ಅಂದರು ಅತ್ತೆ. "ದಾರ ಹರಿಯೂ ಮೊದಲ ಪೆಡಲ್ ಸಣ್ಣಗ ನಡಗತೈತಿ. ಬರಿಗಾಲಿಗೆ ಅದು ತಿಳೀತೈತಿ. ಕಣ್ಣಿಗೆ ತಿಳಿಯೂದಿಲ್ಲ."

ನಿಜ. ಎರಡು ವರ್ಷ ಕಳೆಯುವುದರೊಳಗೆ ನನ್ನ ಕಾಲಿಗೆ ಎಲ್ಲ ತಿಳಿಯತೊಡಗಿತು. ಖಾದಿ ಬಂದರೆ ಪೆಡಲ್ ಭಾರವಾಗುತ್ತಿತ್ತು, ವಾಯಿಲ್ ಬಂದರೆ ಹಗುರ. ಎಣ್ಣೆ ಬೇಕಾದಾಗ ಹಿಮ್ಮಡಿಗೆ ಮೊದಲು ಸುದ್ದಿ ಬರುತ್ತಿತ್ತು. ಹೀಗೂ ಇರುತ್ತದಾ ಅಂತ ನನಗೇ ಸೋಜಿಗ. ಆಮೇಲೆ ಯಾವಾಗಲೋ ದಾರ ಮೇಲಿಂದ ಮೇಲೆ ಹರಿಯಲು ಶುರುವಾಯಿತು. ದಾರವೇ ಖೊಟ್ಟಿ ಅಂತ ಚಿಕ್ಕೋಡಿಯ ಅಂಗಡಿಯವನನ್ನು ಬೈದೆ. ಹೊಲಿಯುವಾಗ ಬಗ್ಗಿ ಬಗ್ಗಿ ಪಾದ ನೋಡಿಕೊಳ್ಳುವ ಚಟ ಬಂತು. ಕಾಲು ಜೋಮು ಹಿಡಿದಿದೆ, ಕೂತು ಕೂತು ಹಾಗಾಗಿದೆ ಅಂದುಕೊಂಡೆ. ಮೀನಖಂಡದ ಮೇಲೆ ಒಂದು ತಿಳಿ ಬಣ್ಣದ ಮಚ್ಚೆ ಇತ್ತು. ತುರಿಸುತ್ತಿರಲಿಲ್ಲ, ನೋಯುತ್ತಿರಲಿಲ್ಲ. ನೋಯದೇ ಇರುವುದನ್ನು ಯಾರು ರೋಗ ಅನ್ನುತ್ತಾರೆ?

ಕೆಂಡ ಬಿದ್ದ ಮರುದಿನ ನಮ್ಮ ಮನೆಯವರು ನನ್ನನ್ನು ಚಿಕ್ಕೋಡಿಯ ದವಾಖಾನೆಗೆ ಕರೆದುಕೊಂಡು ಹೋದರು. ಅಲ್ಲಿ ಒಬ್ಬ ಡಾಕ್ಟರ್‌ಬಾಯಿ ಇದ್ದರು, ಕೊಲ್ಹಾಪುರದ ಕಡೆಯವರು, ಕನ್ನಡದೊಳಗೆ ಮರಾಠಿ ಬೆರೆಸಿ ಮಾತಾಡುವವರು, ಎಲ್ಲರನ್ನೂ ಬಾಳ, ಅಂದರೆ ಮಗು, ಅಂತ ಕರೆಯುವವರು. ಸುಟ್ಟ ಗಾಯಕ್ಕಿಂತ ಹೆಚ್ಚು ಹೊತ್ತು ಅವರು ಆ ಮಚ್ಚೆಯನ್ನು ನೋಡಿದರು. ಆಮೇಲೆ ನನ್ನನ್ನು ಮಂಚದ ಮೇಲೆ ಕೂರಿಸಿದರು.

"ಕಣ್ಣ ಮುಚ್ಚು ಬಾಳ. ನಾ ಹತ್ತಿಲೆ ನಿನ್ನ ಕಾಲ ಮುಟ್ಟತೀನಿ. ಎಲ್ಲೆ ಮುಟ್ಟಿದೆ ಅನಸ್ತೈತಿ, ಅಲ್ಲೆ ಬೊಟ್ಟ ಇಡು."

ಕಣ್ಣು ಮುಚ್ಚಿದೆ. ಬೊಟ್ಟು ತಯಾರಾಗಿ ಹಿಡಿದುಕೊಂಡೆ. ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಯಾರದೋ ಮಗು ಅಳುತ್ತಿತ್ತು, ಸುಮ್ಮನಾಯಿತು. ಡಾಕ್ಟರ್‌ಬಾಯಿ ಹತ್ತಿ ಹುಡುಕುತ್ತಿರಬೇಕು ಅಂತ ಕಾದೆ. ಎಷ್ಟು ಹೊತ್ತು ಕಾಯುವುದು?

"ಬಾಯಾರ, ಸುರು ಮಾಡ್ರಿ" ಅಂದೆ.

"ಮುಗೀತು, ಬಾಳ" ಅಂದರು.

ಕಣ್ಣು ತೆರೆದೆ. ಅವರ ಕೈಯಲ್ಲಿ ಹತ್ತಿಯ ಎಳೆ ಇತ್ತು. ನಮ್ಮ ಮನೆಯವರು ಗೋಡೆಗೆ ಆತು ನಿಂತಿದ್ದರು. ಡಾಕ್ಟರ್‌ಬಾಯಿ ಮುಟ್ಟಿದ್ದನ್ನೆಲ್ಲ ಅವರು ನೋಡಿದ್ದರು. ಅವರ ಮುಖ ನೋಡಿದ ಮೇಲೆ ಡಾಕ್ಟರ್‌ಬಾಯಿ ರೋಗದ ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ಆದರೂ ಹೇಳಿದರು, ಕುಷ್ಠ ಅಂತ, ಮುಚ್ಚುಮರೆ ಇಲ್ಲದೆ. "ಭಿವೂ ನಕೊ, ಅಂಜಬ್ಯಾಡ. ಅಂಜೂ ಕಾಲ ಹೋತು. ಗುಳಗಿ ಬಂದಾವ, ಪೂರಾ ಹೋಗತೈತಿ. ಆದ್ರ ಸತ್ತ ನರಕ್ಕ ಜೀವ ಬರತೈತೋ ಇಲ್ಲೋ, ಅದನ್ನ ನಾ ಹೇಳಾಕ ಆಗೂದಿಲ್ಲ."

ನನ್ನ ತವರೂರಿನಲ್ಲಿ ಈ ಬ್ಯಾನಿ ಬಂದ ಒಬ್ಬ ಹೆಂಗಸನ್ನು ಆಕೆಯ ಮನೆಯವರೇ ದನದ ಕೊಟ್ಟಿಗೆಯಲ್ಲಿ ಇಟ್ಟಿದ್ದರು. ಚಿಕ್ಕವಳಿದ್ದಾಗ ನೋಡಿದ್ದೆ. ಆಕೆಗೆ ಊಟವನ್ನು ದೂರದಿಂದ ಸರಿಸುತ್ತಿದ್ದರು. ಬಸ್ಸಿನಲ್ಲಿ ಕೂತಾಗ ನನ್ನ ಕಣ್ಣ ಮುಂದೆ ಆ ಕೊಟ್ಟಿಗೆಯೇ ಇತ್ತು. ಬಸ್ಸು ಅರ್ಧಕ್ಕರ್ಧ ಖಾಲಿ. ಆದರೂ ನಮ್ಮ ಮನೆಯವರು ಬಂದು ನನಗೆ ಅಂಟಿಕೊಂಡೇ ಕೂತರು. ಕರೋಶಿ ಬರುವವರೆಗೆ ಅವರ ಮೊಣಕೈ ನನ್ನ ಮೊಣಕೈಗೆ ತಾಗಿಕೊಂಡಿತ್ತು. ಅದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ.

ಅತ್ತೆಗೆ ಹೇಳಿದ್ದು ಅವರೇ. ಅತ್ತೆ ಜೋಳ ಹಸನು ಮಾಡುತ್ತಿದ್ದರು. ಮೊರ ಕೆಳಗಿಟ್ಟರು.

"ಕೈ ತೋರಸು" ಅಂದರು ನನಗೆ.

ಚಾಚಿದೆ. ಒಂದೊಂದೇ ಬೆರಳು ಹಿಡಿದು ಮಡಿಸಿದರು, ಬಿಡಿಸಿದರು. ಕಣ್ಣು ಮಂದವಾದ ಮೇಲೆ ಅವರು ನಾನು ಹೊಲಿದದ್ದನ್ನು ತಪಾಸು ಮಾಡುವುದು ಹೆಬ್ಬೆರಳಿನಿಂದ. ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದುಕೊಂಡು ಹೋಗಿ, ಎಲ್ಲಿ ಡೊಂಕಾಗಿದೆಯೋ ಅಲ್ಲಿ ನಿಲ್ಲುತ್ತಿದ್ದರು. ಹಾಗೆಯೇ ನನ್ನ ಬೆರಳ ತುದಿಗಳ ಮೇಲೆ ಎಳೆದರು.

"ತಿಳೀತೈತಿ?"

"ಹೂಂ ರೀ ಅತ್ಯಾ."

"ಕೈ ಛಲೋ ಅದಾವ. ಊಟಾ ಮಾಡು. ಆಮ್ಯಾಲ ಆ ಜಂಪರ ಮುಗಸು, ಅವರ ಮದವಿ ಹತ್ರ ಬಂತು."

ಅಷ್ಟೇ. ಕೊಟ್ಟಿಗೆಯ ಮಾತು ಬರಲಿಲ್ಲ. ನಾನು ಎಂದಿನ ಅದೇ ತಾಟಿನಲ್ಲಿ ಉಂಡೆ, ಅತ್ತುಕೊಂಡೇ ಉಂಡೆ. ಮಿಷನ್ ಮುಂದೆ ಕೂರುವ ಜಾಗ ಇರುವವರೆಗೆ ಈ ಮನೆಯಲ್ಲಿ ನನಗೆ ಜಾಗ ಇದೆ ಅಂತ ಅಂದು ಅನಿಸಿತು. ಅದು ಹೋದರೆ ಏನು ಅಂತಲೂ ಅನಿಸಿತು.

ತಿಂಗಳಿಗೊಮ್ಮೆ ಚಿಕ್ಕೋಡಿಗೆ ಹೋಗಬೇಕು, ದವಾಖಾನೆಯವರ ಎದುರಿಗೇ ಒಂದಷ್ಟು ಗುಳಿಗೆ ನುಂಗಬೇಕು, ಉಳಿದದ್ದು ದಿನಾ ಮನೆಯಲ್ಲಿ. ಮೊದಲ ಸಲ ನುಂಗಿ ಬಂದ ದಿನ ಮೂತ್ರ ಕೆಂಪಾಗಿ ಹೋಯಿತು, ಜೀವವೇ ಹೋಯಿತು ಅಂದುಕೊಂಡೆ. ಗುಳಿಗೆಯಿಂದ ಹಾಗಾಗುತ್ತದೆ ಅಂತ ಮೊದಲೇ ಹೇಳಿದ್ದರಂತೆ, ನನ್ನ ತಲೆಗೆ ಹೋಗಿರಲಿಲ್ಲ. ಆಮೇಲಾಮೇಲೆ ಮೈಬಣ್ಣ ಕಪ್ಪಿಟ್ಟಿತು. ಜಂಪರು ಹೊಲಿಸಲು ಬರುವ ಹೆಂಗಸರು "ಯಾಕ ಸುಮಿತ್ರಾ, ಬಿಸಲಾಗ ಭಾಳ ಅಡ್ಡಾಡಾಕತ್ತೀ ಏನ?" ಅಂತ ಕೇಳುವರು. ಹೌದ್ರಿ ಅನ್ನುತ್ತಿದ್ದೆ. ಪಡಸಾಲೆಯ ಕತ್ತಲಲ್ಲಿ ಕೂತವಳಿಗೆ ಎಲ್ಲಿಯ ಬಿಸಿಲು.

ದವಾಖಾನೆಯ ಹಿಂಭಾಗದಲ್ಲಿ ಬೇವಿನಗಿಡದ ಕೆಳಗೆ ಒಂದು ಬೆಂಚು. ಅದರ ಮೇಲೆ ಕೂತವರು ಯಾತಕ್ಕೆ ಬಂದವರು ಎಂದು ಎಲ್ಲರಿಗೂ ಗೊತ್ತು. ನಾನು ಮೂಗಿನವರೆಗೆ ಸೆರಗು ಎಳೆದುಕೊಂಡು ಕೂರುತ್ತಿದ್ದೆ. ಒಂದು ಸಲ ಪಕ್ಕದಲ್ಲಿ ಕೂತಿದ್ದ ಹೆಂಗಸು ನನ್ನ ಸೆರಗು ಜಗ್ಗಿದಳು. ಐನಾಪುರದವಳು, ನನಗಿಂತ ಹಿರಿಯಳು, ಬೆರಳುಗಳು ಸ್ವಲ್ಪ ಸೊಟ್ಟಗಾಗಿದ್ದವು.

"ಯಾವೂರು ತಂಗಿ?"

"ಕರೋಶಿ ರೀ."

"ಅಯ್ಯ, ಇಷ್ಟ ಹತ್ರ ಇದ್ದು ಇಲ್ಲಿಗೆ ಬಂದೀ? ನಮ್ಮ ಮಂದಿ ನೋಡಬಾರದಂತ ನಾ ಹೊಳಿ ದಾಟಿ ಇಷ್ಟ ದೂರ ಬರತೀನಿ. ನೀ ನಮ್ಮ ಕಡೆ ಬಾ, ನಾ ನಿಮ್ಮ ಕಡೆ ಬರತೀನಿ. ಬಸ್ಸಿನವರರ ಉದ್ಧಾರ ಆಗಲಿ."

ನಗು ತಡೆಯಲು ಆಗಲಿಲ್ಲ. ರೋಗ ಗೊತ್ತಾದ ಮೇಲೆ ನಾನು ನಕ್ಕದ್ದು ಅದೇ ಮೊದಲು. ನಕ್ಕಾಗ ಸೆರಗು ಜಾರಿತು, ಮತ್ತೆ ಎಳೆದುಕೊಳ್ಳಲಿಲ್ಲ. ಆ ಅಕ್ಕ ತನ್ನ ಬುತ್ತಿಯ ರೊಟ್ಟಿ ಮುರಿದು ಅರ್ಧ ನನಗೆ ಕೊಟ್ಟಳು. ಅವಳ ಊರಿನ ಶೇಂಗಾ ಚಟ್ನಿ ನಮ್ಮದಕ್ಕಿಂತ ಖಾರ.

ಸುಟ್ಟ ಗಾಯ ಮಾಯಿತು. ಆದರೆ ಅದೇ ಕಾಲಿನ ಅಡಿಯಲ್ಲಿ, ಹೆಬ್ಬೆರಳಿನ ಬುಡಕ್ಕೆ, ಇನ್ನೊಂದು ಹುಣ್ಣು ಎದ್ದಿತು. ನೋವಿಲ್ಲದ ಕಾಲಿಗೆ ಕಲ್ಲು ಮುಳ್ಳು ಯಾವುದೂ ತಿಳಿಯುವುದಿಲ್ಲ, ನಡೆಯುವಾಗ ಚಪ್ಪಲಿ ಬೇಕೇ ಬೇಕು ಅಂದರು ಡಾಕ್ಟರ್‌ಬಾಯಿ. ಒಂದು ತುಂಡು ಮೆತ್ತನೆಯ ರಬ್ಬರು ಕೊಟ್ಟು, "ಇದನ್ನ ಒಳಗ ಹಾಕಿ ಹೊಲಸ್ಕೊ, ಮೊಳಿ ಮಾತ್ರ ಹೊಡಸಬ್ಯಾಡ" ಅಂದರು.

ಚಪ್ಪಲಿಯ ಊರು ಅಂದರೆ ನಮ್ಮ ಕಡೆ ಅಥಣಿ. ಅಲ್ಲಿಯವರು ಮೊಳೆ ಹೊಡೆಯುವುದಿಲ್ಲ, ತೊಗಲಿನ ದಾರದಿಂದಲೇ ಹೊಲಿಯುತ್ತಾರೆ. ಇಬ್ಬರೂ ಹೋದೆವು. ಚಪ್ಪಲಿ ಹೊಲಿಯುವ ಅಣ್ಣ ತೊಗಲು ಹಾಸಿ ಕಾಲು ಇಡು ಅಂದ. ನಾನು ಹಿಂಜರಿದೆ. ಕಾಲಿಗೆ ಪಟ್ಟಿ ಕಟ್ಟಿತ್ತು. ಅವನು ಏನೂ ಕೇಳದೆ ನನ್ನ ಪಾದ ಹಿಡಿದು ತೊಗಲಿನ ಮೇಲೆ ಇಟ್ಟು ಸುತ್ತಲೂ ಗೆರೆ ಎಳೆದ. "ಅಕ್ಕಾರ ಏನ ಕೆಲಸಾ ಮಾಡ್ತಾರ?" ಅಂತ ನಮ್ಮ ಮನೆಯವರನ್ನು ಕೇಳಿದ. "ಹೊಲಿಗಿ" ಅಂದರು. "ಹಂಗಾರ ನಾವು ನೀವು ಒಂದ ಕಸಬಿನವರು ಬಿಡ್ರಿ" ಅಂದ. ಹಿಂದೆ ಒಂದು ಪಟ್ಟಿ ಸೇರಿಸಿ, ಒಳಗೆ ರಬ್ಬರು ಕೂರಿಸಿ, ಎಷ್ಟು ಚೆಂದ ಹೊಲಿದು ಕೊಟ್ಟ ಅಂದರೆ, ಹೊಲಿಯುವವಳಾಗಿ ನಾನು ಅದನ್ನು ಕಾಲಿಗೆ ಹಾಕುವುದನ್ನೇ ಮರೆತು ತಿರುಗಿಸಿ ಮುರುಗಿಸಿ ನೋಡುತ್ತಾ ಕೂತೆ.

ಅದನ್ನು ಎಷ್ಟು ಜೋಪಾನ ಮಾಡಿದೆ. ಹೊಲಕ್ಕೆ, ಸಂತೆಗೆ, ನೀರಿಗೆ, ಎಲ್ಲಿಗೆ ಹೋದರೂ ಹಾಕಿಕೊಂಡೆ. ಮನೆಗೆ ಬಂದ ಕೂಡಲೇ ಹೊಸ್ತಿಲ ಹೊರಗೆ ಬಿಟ್ಟು, ಕಾಲು ತೊಳೆದುಕೊಂಡು ಮಿಷನ್ ಮುಂದೆ ಕೂರುತ್ತಿದ್ದೆ. ತಿಂಗಳುಗಳು ಉರುಳಿದವು. ಚಪ್ಪಲಿ ಹೊಸದರ ಹಾಗೆಯೇ ಇತ್ತು. ಹುಣ್ಣು ಮಾತ್ರ ದೊಡ್ಡದಾಗುತ್ತಾ ಹೋಯಿತು.

ಡಾಕ್ಟರ್‌ಬಾಯಿಗೆ ಸಿಟ್ಟು ಬಂತು. "ಚಪ್ಪಲಿ ಹಾಕ್ಕೊಂತೀಯೋ ಇಲ್ಲೋ?"

"ದೇವರಾಣಿ ಹಾಕ್ಕೊಂತೀನ್ರಿ. ನಡೀವಾಗ ಹಾಕ್ಕೊ ಅಂದೀರಿ, ನಡೀವಾಗೆಲ್ಲಾ ಹಾಕ್ಕೊಂತೀನಿ."

ಅವರು ನನ್ನ ಪಾದವನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ಒಂದು ಕನ್ನಡಿ ತರಿಸಿ ಕೆಳಗೆ ಹಿಡಿದು, "ಈ ಹೂವು ಎಲ್ಲಿಂದ ಬಂತು?" ಅಂದರು.

ನನ್ನ ಅಂಗಾಲು ನಾನು ಸರಿಯಾಗಿ ನೋಡಿದ್ದೇ ಇಲ್ಲ. ಕನ್ನಡಿಯಲ್ಲಿ ಕಂಡಿತು. ಚರ್ಮದಲ್ಲಿ ಎಸಳುಗಳು ಅಚ್ಚೊತ್ತಿದ್ದವು, ನಮ್ಮ ಪೆಡಲ್ಲಿನ ಎಂಟು ಎಸಳು. ಹುಣ್ಣು ಇದ್ದದ್ದು ಎಸಳಿನ ಅಂಚು ಒತ್ತುವ ಜಾಗದಲ್ಲಿ. ಬೆಳಗಿನಿಂದ ಸಂಜೆಯವರೆಗೆ ನಾನು ನನ್ನ ಗಾಯವನ್ನು ತುಳಿಯುತ್ತಾ ಕೂತಿದ್ದೆ. ಆಗಿದ್ದು ಹೆದರಿಕೆ ಅಂತ ಪೂರ್ತಿ ಹೇಳಲಾರೆ. ಎಷ್ಟು ಅಚ್ಚುಕಟ್ಟಾಗಿ ಮೂಡಿದೆಯಲ್ಲ ಅಂತಲೂ ಅನಿಸಿತು. ಆ ಪಾಪದ ಕಾಲು ನನಗೆ ಹೇಳಲಾಗದ್ದನ್ನು ಬರೆದುಕೊಂಡು ಕೂತಿತ್ತು.

"ಮಿಷನ್ ತುಳಿಯೂವಾಗ ಬರಿಗಾಲು?" ಕೇಳಿದರು ಡಾಕ್ಟರ್‌ಬಾಯಿ.

"ಮನ್ಯಾಗ ಯಾರ ಚಪ್ಪಲಿ ಹಾಕ್ಕೊಂತಾರ್ರಿ? ಅದೂ ಮಿಷನ್ ಮ್ಯಾಲ?"

ಅವರು ಖುರ್ಚಿ ಎಳೆದುಕೊಂಡು ನನ್ನ ಎದುರು ಕೂತರು. "ಕೇಳ. ಎಲುವಿಗೆ ಹತ್ತಿದ್ರ ಬೆರಳು ತಗೀಬೇಕು, ಆಮ್ಯಾಲ ಪಾದಾ. ಇಲ್ಲಾ ಚಪ್ಪಲಿ ಹಾಕ್ಕೊಂಡ ಹೊಲಿ, ಇಲ್ಲಾ ಹೊಲಿಯೂದ ಬಿಡು. ದಿನಾ ಯಾರಿಗಾದ್ರೂ ಅಂಗಾಲ ತೋರಸು."

ಮನೆಗೆ ಬಂದು ಈ ಮಾತನ್ನು ಹೇಳಿದೆ. ಅತ್ತೆ ಕೇಳಿಸಿಕೊಂಡರು. ಮಿಷನ್ ಕಡೆಗೊಮ್ಮೆ ತಿರುಗಿದರು. "ಅದರ ಮ್ಯಾಲ ಮೆಟ್ಟು ಇಡಾಕ ನನ್ನ ಬಾಯಿಂದ ಹೂಂ ಅನ್ನಾಕ ಆಗೂದಿಲ್ಲ" ಅಂದು ಒಳಗೆ ಹೋದರು. ನನಗೆ ಸಿಟ್ಟು ಬರಲಿಲ್ಲ, ಯಾಕಂದರೆ ನನ್ನ ಮನಸ್ಸೂ ಹೂಂ ಅನ್ನುತ್ತಿರಲಿಲ್ಲ. ಆ ಮಿಷನ್ನಿನ ಮೇಲೆ ಅವರು ಕಳೆದ ವರ್ಷಗಳನ್ನು ನಾನು ಹೇಗೆ ತುಳಿಯಲಿ?

ನಮ್ಮ ಮನೆಯವರು ಹಳೆಯ ಕೌದಿ ಹರಿದು ಪೆಡಲ್ ಮೇಲೆ ಕಟ್ಟಿಕೊಟ್ಟರು. ಜಾರಿತು. ಗೋಣಿಚೀಲ ಕಟ್ಟಿದರು, ಅದರ ನಾರು ಹುಣ್ಣಿಗೆ ಹೊಕ್ಕಿತು. ಕಡೆಗೆ ನಾನು ಹೊಲಿಯುವುದನ್ನು ನಿಲ್ಲಿಸಿದೆ. ಅರಿವೆ ತಂದವರಿಗೆ ಮೈಯಲ್ಲಿ ಆರಾಮಿಲ್ಲ ಅಂತ ಹೇಳಿ ಕಳಿಸುತ್ತಿದ್ದೆ. ಮಿಷನ್ನಿನ ಮೇಲೆ ಅರಿವೆ ಹೊದಿಸಿದೆವು. ಮನೆ ಸಪ್ಪಳವಿಲ್ಲದೆ ಬಣಗುಟ್ಟಿತು. ಅತ್ತೆ ಮತ್ತು ನಾನು ಇಬ್ಬರೂ ಆ ಮೂಲೆಯನ್ನು ನೋಡದೆ ಓಡಾಡಿದೆವು.

ಹೀಗಿರುವಾಗ ಖಂಡೇ ಪೂಜೆ ಬಂತು. ನವರಾತ್ರಿಯ ಆ ದಿನ ನಮ್ಮ ಕಡೆ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜೆ ಮಾಡುತ್ತೇವೆ. ನಮ್ಮ ಮನೆಯವರು ಕುಡುಗೋಲು, ಕುರುಪಿ, ಕೊಡಲಿ ತಂದಿಟ್ಟರು. ನಾನು ಮಿಷನ್ ಒರೆಸಿ ಕತ್ತರಿ, ಸೂಜಿ, ಅಳತೆ ಪಟ್ಟಿ ಜೋಡಿಸಿದೆ. ನೆರೆಮನೆಯ ಇಬ್ಬರು ಹೆಂಗಸರು ಅರಿಷಿಣ ಕುಂಕುಮಕ್ಕೆ ಬಂದು ಕೂತಿದ್ದರು. ಅತ್ತೆ ಎಲ್ಲಕ್ಕೂ ಕುಂಕುಮ ಹಚ್ಚುತ್ತಾ ಬಂದರು. ಮಿಷನ್ನಿಗೂ ಹಚ್ಚಿದರು. ಆಮೇಲೆ ಎದ್ದು ಗೋಡೆ ಹಿಡಿದುಕೊಂಡು ಹೊರಗೆ ಹೋದರು.

ಹೊರಗೆ ನೀರು ಸುರಿದ ಸಪ್ಪಳವಾಯಿತು. ಹೂವು ತರಲು ಹೋದರೇನೋ ಅಂದುಕೊಂಡೆ. ತಿರುಗಿ ಬಂದಾಗ ಅವರ ಕೈಯಲ್ಲಿ ನನ್ನ ಚಪ್ಪಲಿ. ತೊಳೆದಿದ್ದರು, ಸೆರಗಿನಿಂದ ಒರೆಸುತ್ತಾ ಹೊಸ್ತಿಲು ದಾಟಿದರು. ನೆರೆಮನೆಯವಳೊಬ್ಬಳು "ಯವ್ವಾ, ಇದೇನ ಮಾಡಾಕತ್ತೀರಿ?" ಅಂದಳು.

ಅತ್ತೆ ಆಕೆಯ ಕಡೆ ನೋಡಲಿಲ್ಲ. ನೆಲಕ್ಕೆ ಕೂತು ಕೈಯಾಡಿಸಿ ಪೆಡಲ್ ಹುಡುಕಿ, ಅದರ ಮೇಲೆ ಚಪ್ಪಲಿಗಳನ್ನು ಒಂದರ ಪಕ್ಕ ಒಂದು ಇಟ್ಟರು. ಎರಡಕ್ಕೂ ಕುಂಕುಮ ಹಚ್ಚಿ ಚೆಂಡುಹೂವು ಇಟ್ಟರು. ಊದಿನಕಡ್ಡಿ ಬೆಳಗಿದರು.

"ಕತ್ತರಿ ಪೂಜಾ ಮಾಡ್ತೀವಿ, ಸೂಜಿ ಪೂಜಾ ಮಾಡ್ತೀವಿ" ಅಂದರು, ಯಾರಿಗೂ ಅಲ್ಲದ ಹಾಗೆ. "ಇದೂ ಹೊಲಿಯೂ ಸಾಮಾನ. ಪೂಜಿ ಆದ ಮ್ಯಾಲ ಇದು ಮೆಟ್ಟಲ್ಲ. ಇನ್ನ ಹೊರಗ ಹಾಕ್ಕೊಂಡ ಹೋಗಬ್ಯಾಡ, ಹೊರಗ ಹಾಕ್ಕೊಳ್ಳಾಕ ಬ್ಯಾರೆ ಜೋಡ ಹೊಲಸ್ಕೊ. ಇದು ಮಿಷನ್ನಿಂದು."

ಅವರು ನಂಬಿದ್ದನ್ನು ಬಿಡಲಿಲ್ಲ, ನನ್ನನ್ನೂ ಬಿಡಲಿಲ್ಲ. ನಾಲ್ಕು ಅಕ್ಷರ ಕಲಿಯದ ಆ ಹೆಂಗಸು ಎಷ್ಟು ದಿನ ಒಳಗೊಳಗೇ ಇದನ್ನು ಜಗ್ಗಾಡಿರಬೇಕು ಎಂದು ನೆನೆದರೆ ಇವತ್ತಿಗೂ ನನ್ನ ಮೈ ನವಿರೇಳುತ್ತದೆ. ಮರುದಿನ ಬನ್ನಿ ಕೊಟ್ಟು ಅವರ ಕಾಲಿಗೆ ಬಿದ್ದೆ. ಚಪ್ಪಲಿ ಹಾಕಿಕೊಂಡು ಮಿಷನ್ ಮುಂದೆ ಕೂತೆ. ಪೆಡಲ್ಲಿನ ಸುದ್ದಿ ಕಾಲಿಗೆ ಬರುತ್ತಿರಲಿಲ್ಲ, ಹೇಗೂ ಬರುತ್ತಿರಲಿಲ್ಲ. ಕಿವಿಯಿಂದ ಹೊಲಿಯುವುದನ್ನು ಕಲಿತೆ. ದಾರ ಹರಿಯುವ ಮುಂಚೆ ಸಪ್ಪಳ ಒಂಚೂರು ಒರಟಾಗುತ್ತದೆ.

ದಿನಾ ಅಂಗಾಲು ತೋರಿಸುವ ಕೆಲಸವೊಂದು ಉಳಿದಿತ್ತು. ನಮ್ಮ ಮನೆಯವರು ಹೊಲಕ್ಕೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ನಾನು ಕನ್ನಡಿ ಹಿಡಿದು ಒದ್ದಾಡುವುದನ್ನು ಕೇಳಿಸಿಕೊಂಡ ಅತ್ತೆ ಒಂದು ಮಧ್ಯಾಹ್ನ ಎದುರು ಬಂದು ಕೂತು, ನನ್ನ ಕಾಲನ್ನು ಎಳೆದು ತಮ್ಮ ತೊಡೆಯ ಮೇಲೆ ಇಟ್ಟುಕೊಂಡರು.

"ಅತ್ಯಾ, ಬ್ಯಾಡ್ರಿ. ನೀವು ನನ್ನ ಕಾಲ ಮುಟ್ಟಿದ್ರ ನನಗ ಪಾಪ ಹತ್ತತೈತಿ."

"ಹತ್ತಲಿ. ಸುಮ್ನ ಕೂಡು."

ಹೆಬ್ಬೆರಳು ಎಳೆದರು, ಹಿಮ್ಮಡಿಯಿಂದ ಬೆರಳಿನವರೆಗೆ, ಹೊಲಿಗೆ ತಪಾಸು ಮಾಡಿದ ಹಾಗೆಯೇ. ಎಲ್ಲಿ ಮೆತ್ತಗಿದೆ, ಎಲ್ಲಿ ಬಿಸಿಯಾಗಿದೆ, ಎಲ್ಲಿ ಹೊಸದಾಗಿ ಒರಟಾಗಿದೆ ಎಂದು ಹೇಳುತ್ತಿದ್ದರು. ನನಗೆ ಅವರ ಹೆಬ್ಬೆರಳು ಕಾಣಿಸುತ್ತಿತ್ತು, ತಿಳಿಯುತ್ತಿರಲಿಲ್ಲ. ದಿನಾ ಹೀಗೆಯೇ. ಹುಣ್ಣು ಸಣ್ಣದಾಯಿತು, ಒಣಗಿತು, ಹೂವಿನ ಅಚ್ಚು ಅಳಿಸಿತು. ಗುಳಿಗೆಗಳೂ ಒಂದು ದಿನ ಮುಗಿದವು. ಡಾಕ್ಟರ್‌ಬಾಯಿ ಬೆನ್ನು ತಟ್ಟಿ, ರೋಗ ಹೋಗಿದೆ, ಕಾಲು ಉಳಿದಿದೆ, ಜೋಮು ಮಾತ್ರ ಹೀಗೆಯೇ ಇರಬಹುದು ಅಂದರು. ಅಷ್ಟು ಸಾಕು ಅಂತ ನಾನೂ ಅಂದುಕೊಂಡೆ. ಅತ್ತೆ ಮಾತ್ರ ದಿನದ ತಪಾಸು ಬಿಡಲಿಲ್ಲ.

ಒಂದು ಚಳಿಗಾಲದ ಮಧ್ಯಾಹ್ನ ಎಂದಿನ ಹಾಗೆ ಕಾಲು ಅವರ ತೊಡೆಯ ಮೇಲಿತ್ತು. ನಾನು ಗೋಡೆಗೆ ಒರಗಿ, ಕಣ್ಣು ಮುಚ್ಚಿ, ಯಾವುದೋ ಜಂಪರಿನ ಕೊರಳ ಅಳತೆಯನ್ನು ಯೋಚಿಸುತ್ತಿದ್ದೆ.

"ಅತ್ಯಾ, ನಿಮ್ಮ ಕೈ ಯಾಕ ಇಷ್ಟ ತಣ್ಣಗದಾವ?" ಅಂದೆ.

"ಅರಿವಿ ಒಗದ ಬಂದೇನಿ. ತಣ್ಣಗಿರದ ಬಿಸಿ ಇರತಾವೇನ?" ಅಂದರು.

ಹೆಬ್ಬೆರಳು ನಿಂತಿತು. ಕಿರುಬೆರಳಿನ ಪಕ್ಕ, ಪಾದದ ಅಂಚಿನಲ್ಲಿ. ನಾನು ಕಣ್ಣು ತೆರೆದೆ. ಅತ್ತೆ ತಲೆ ಎತ್ತಿ ಮಂದ ಕಣ್ಣುಗಳನ್ನು ನನ್ನ ಮುಖದ ಕಡೆ ತಿರುಗಿಸಿದ್ದರು.

"ಕಣ್ಣ ಮುಚ್ಚು" ಅಂದರು.

ಮುಚ್ಚಿದೆ.

"ಇಲ್ಲಿ?"

"ಇಲ್ರಿ."

"ಇಲ್ಲಿ?"

ಕಾದೆ. ದೂರದಲ್ಲಿ ಯಾರೋ ಬಂದು ನಿಂತ ಹಾಗೆ, ಒಂದು ಕಾಳಿನಷ್ಟು ತಂಪು.

"ಹೂಂ ರೀ ಅತ್ಯಾ. ಅಲ್ಲೇ."

ಅವರು ನನ್ನ ಪಾದವನ್ನು ಎರಡೂ ಕೈಯಿಂದ ಹಿಡಿದು, ದಿನಾ ಬೆಳಿಗ್ಗೆ ಮಿಷನ್ ಮುಟ್ಟಿದ ಕೈಯನ್ನು ಒತ್ತಿಕೊಳ್ಳುವ ಆ ಕಣ್ಣುಗಳಿಗೆ ಒತ್ತಿಕೊಂಡರು. ಅವರ ಕಣ್ಣೀರು ಬಿಸಿಯಾಗಿತ್ತು. ಅದೂ ನನಗೆ ತಿಳಿಯಿತು.